ಇಮೇಲ್ ಟೂಲನ್ನು ಉಳಿದ ಸಾಫ್ಟ್‌ವೇರ್‌ಗಳಿಗೆ ಜೋಡಿಸಬೇಕು, ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಮ್ಮ ಗ್ರಾಹಕರ ವಿವರ ಸಿಆರ್‌ಎಂನಲ್ಲಿದೆ (ಗ್ರಾಹಕರ ಮಾಹಿತಿ ಇಡುವ ಸಾಫ್ಟ್‌ವೇರ್), ಆರ್ಡರ್‌ಗಳು ಆನ್‌ಲೈನ್ ಸ್ಟೋರ್‌ನಲ್ಲಿ, ದೂರುಗಳು ಸಪೋರ್ಟ್ ಸಾಫ್ಟ್‌ವೇರ್‌ನಲ್ಲಿ. ಎಲ್ಲವನ್ನೂ ಇಮೇಲ್ ಮಾರ್ಕೆಟಿಂಗ್ ಟೂಲ್‌ಗೆ ಜೋಡಿಸಬೇಕು. ಟೂಲ್ ಜೊತೆಗೇ ಬರುವ ರೆಡಿ ಕನೆಕ್ಟರ್ ಸಾಕಾ, ಕೋಡ್ ಇಲ್ಲದೆ ಸಾಫ್ಟ್‌ವೇರ್‌ಗಳನ್ನು ಜೋಡಿಸುವ ಝೇಪಿಯರ್ ತರಹದ್ದು ಬೇಕಾ, ಇಲ್ಲ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ) ಇಟ್ಟುಕೊಂಡು ನಾವೇ ಕೋಡ್ ಬರೆಸಬೇಕಾ?

ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ. ನನ್ನ ಉತ್ತರ: ಯಾವುದರಿಂದ ಜೋಡಿಸೋದು ಅನ್ನೋದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ತೀರ್ಮಾನ ಆಗಬೇಕಾದ್ದು, ಯಾವ ಮಾಹಿತಿಗೆ ಯಾವ ಸಾಫ್ಟ್‌ವೇರ್ ಯಜಮಾನ ಅನ್ನೋದು.

ಒಂದು ಶೀಟ್ ತೆಗೆದು ಪ್ರತಿ ಫೀಲ್ಡನ್ನೂ ಬರೆಯಿರಿ. ಹೆಸರು, ಫೋನ್ ನಂಬರ್ ಸಿಆರ್‌ಎಂದು. ಕೊನೆಯ ಆರ್ಡರ್ ತಾರೀಖು ಸ್ಟೋರ್‌ದು. ಮಾಹಿತಿ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತೆ ಅನ್ನೋದನ್ನೂ ಪಕ್ಕದಲ್ಲೇ ಬರೆಯಿರಿ. ಒಂದೇ ಫೀಲ್ಡನ್ನು ಎರಡೂ ಕಡೆ ತಿದ್ದೋಕೆ ಬಿಟ್ಟರೆ ಕೊನೆಗೆ ಯಾರು ಸೇವ್ ಮಾಡಿದರೋ ಅವರದ್ದೇ ಉಳಿಯುತ್ತೆ, ಸರಿ ಯಾವುದು ತಪ್ಪು ಯಾವುದು ಅಂತ ಆಮೇಲೆ ಯಾರಿಗೂ ಹೇಳೋಕಾಗಲ್ಲ. ಬೇಕಿಲ್ಲದ ಫೀಲ್ಡ್‌ಗಳನ್ನು ಜೋಡಿಸಲೇಬೇಡಿ. ಮೇಲ್ ಕಳಿಸೋಕೆ ಉಪಯೋಗಕ್ಕೆ ಬಾರದ ಮಾಹಿತಿ ಆ ಟೂಲ್‌ನಲ್ಲಿ ಯಾಕಿರಬೇಕು?

ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದ್ದು ಅನ್‌ಸಬ್‌ಸ್ಕ್ರೈಬ್ ವಿಷಯದಲ್ಲಿ. ಒಬ್ಬರು ನಿಮ್ಮ ಮೇಲ್‌ನಲ್ಲಿದ್ದ ಲಿಂಕ್ ಒತ್ತಿ ಹೊರಗೆ ಹೋದರು ಅಂದುಕೊಳ್ಳಿ. ಇಮೇಲ್ ಟೂಲ್‌ಗೆ ಅದು ಗೊತ್ತು, ಸಿಆರ್‌ಎಂಗೆ ಗೊತ್ತಿಲ್ಲ. ರಾತ್ರಿ ಸಿಂಕ್ (ಎರಡೂ ಕಡೆಯ ಮಾಹಿತಿ ಸರಿಹೊಂದಿಸೋದು) ಓಡಿದಾಗ ಸಿಆರ್‌ಎಂ ತನ್ನ ಹಳೆಯ ಪಟ್ಟಿ ಕಳಿಸಿ ಅವರನ್ನು ಮತ್ತೆ ಒಳಗೆ ಸೇರಿಸಿಬಿಡಬಹುದು. ಬೇಡ ಅಂದವರಿಗೆ ಮತ್ತೆ ಮೇಲ್ ಹೋದರೆ ಅವರು ಸ್ಪ್ಯಾಮ್ ಬಟನ್ ಒತ್ತುತ್ತಾರೆ, ಅದು ನ್ಯಾಯವೇ ಅಲ್ವಾ? 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಇದನ್ನು ಗಟ್ಟಿಯಾಗಿ ಹಿಡಿದಿವೆ. ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂರು. ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಜಿಮೇಲ್ ಖಾತೆಗಳಿಗೆ ಕಳಿಸುವವರ ಮಾರ್ಕೆಟಿಂಗ್ ಮೇಲ್‌ನಲ್ಲಿ ಒಂದೇ ಕ್ಲಿಕ್ಕಿಗೆ ಅನ್‌ಸಬ್‌ಸ್ಕ್ರೈಬ್ ಆಗಬೇಕು, ಎರಡು ದಿನದೊಳಗೆ ಅದು ಜಾರಿಯೂ ಆಗಬೇಕು. ಹಾಗಾಗಿ ನಿಯಮ ಒಂದೇ: ‘ಬೇಡ’ ಅನ್ನೋದು ಎಲ್ಲಿಂದ ಬಂದರೂ ಅದೇ ಗೆಲ್ಲಬೇಕು. ಸಪೋರ್ಟ್‌ನವರಿಗೆ ಯಾರಾದರೂ ‘ಮೇಲ್ ನಿಲ್ಲಿಸಿ’ ಅಂತ ಬರೆದರೂ ಅಷ್ಟೇ. ಒಪ್ಪಿಗೆ ಕೊಟ್ಟ ತಾರೀಖು, ಯಾವ ಫಾರ್ಮಿನಿಂದ ಬಂದದ್ದು, ಇವೂ ಫೀಲ್ಡ್ ಆಗಿ ಜೊತೆಗೇ ಬರಲಿ. ಯುರೋಪಿನ ಮಾಹಿತಿ ರಕ್ಷಣೆ ಕಾನೂನು ಜಿಡಿಪಿಆರ್ ಪ್ರಕಾರ ಒಪ್ಪಿಗೆ ಇದೆ ಅಂತ ತೋರಿಸಬೇಕಾದವರು ನೀವೇ.

ಇನ್ನೊಂದು, ಗ್ರಾಹಕರನ್ನು ಗುರುತಿಸೋಕೆ ಇಮೇಲ್ ವಿಳಾಸವನ್ನೇ ನಂಬಬೇಡಿ. ಜನ ವಿಳಾಸ ಬದಲಾಯಿಸುತ್ತಾರೆ, ಆಗ ಒಬ್ಬರೇ ಇಬ್ಬರಾಗುತ್ತಾರೆ. ಸಿಆರ್‌ಎಂನ ಗ್ರಾಹಕ ಐಡಿ ಎಲ್ಲ ಕಡೆ ಜೊತೆಗಿರಲಿ.

ಡೊಮೈನ್ ಕಡೆಗೂ ಒಮ್ಮೆ ನೋಡಿ. ಇದನ್ನು ಮರೆಯುವವರೇ ಜಾಸ್ತಿ. ಸಿಆರ್‌ಎಂ, ಸ್ಟೋರ್, ಸಪೋರ್ಟ್, ಇಮೇಲ್ ಟೂಲ್, ಎಲ್ಲವೂ ನಿಮ್ಮ ಹೆಸರಲ್ಲೇ ಮೇಲ್ ಕಳಿಸುತ್ತಿರಬಹುದು. ಒಂದೊಂದನ್ನು ಸೇರಿಸುವಾಗಲೂ ಎಸ್‌ಪಿಎಫ್ ದಾಖಲೆ (ನಿಮ್ಮ ಡೊಮೈನ್ ಹೆಸರಲ್ಲಿ ಯಾರು ಮೇಲ್ ಕಳಿಸಬಹುದು ಅನ್ನೋ ಪಟ್ಟಿ) ಉದ್ದ ಆಗುತ್ತಾ ಹೋಗುತ್ತೆ, ಆದರೆ ಅದಕ್ಕೆ 10 ಡಿಎನ್‌ಎಸ್ (ಡೊಮೈನ್‌ಗಳ ವಿವರ ಇರುವ ಇಂಟರ್ನೆಟ್ ಡೈರೆಕ್ಟರಿ) ಹುಡುಕಾಟಗಳ ಮಿತಿ ಇದೆ. ಅದು ಮೀರಿದರೆ ಎಸ್‌ಪಿಎಫ್ ಪರೀಕ್ಷೆಯೇ ಫೇಲ್. ಮಾರ್ಕೆಟಿಂಗ್ ಮೇಲ್‌ಗೆ ಬೇರೆ ಸಬ್‌ಡೊಮೈನ್ ಕೊಟ್ಟರೆ ಈ ಭಾರ ಹಂಚಿಹೋಗುತ್ತೆ, ಆರ್ಡರ್ ಖಚಿತಪಡಿಸುವ ಮೇಲ್‌ಗಳ ಹೆಸರೂ ಕೆಡೋದು ಕಡಿಮೆ.

ವಾಪಸ್ ಸಿಆರ್‌ಎಂಗೆ ಏನು ಕಳಿಸೋದು? ಕ್ಲಿಕ್, ಬೌನ್ಸ್ (ತಲುಪದೆ ವಾಪಸ್ ಬಂದ ಮೇಲ್), ಅನ್‌ಸಬ್‌ಸ್ಕ್ರೈಬ್ ಕಳಿಸಿ. ‘ಮೇಲ್ ತೆರೆದರು’ ಅನ್ನೋ ಲೆಕ್ಕದ ಮೇಲೆ ಏನನ್ನೂ ಕಟ್ಟಬೇಡಿ. 2021ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುವ ವ್ಯವಸ್ಥೆ ತಂದಿತು. ತೆರೆದರು ಅಂತ ಲೆಕ್ಕ ಹಾಕೋದೇ ಮೇಲ್‌ನೊಳಗಿನ ಚಿತ್ರ ಇಳಿದದ್ದು ನೋಡಿ, ಹಾಗಾಗಿ ಯಾರೂ ಓದದಿದ್ದರೂ ಓದಿದ ಹಾಗೇ ಲೆಕ್ಕ ಬೀಳುತ್ತೆ. ಅದನ್ನು ನಂಬಿ ಸೇಲ್ಸ್‌ನವರು ಸುಮ್ನೆ ಫೋನ್ ಮಾಡುತ್ತಾ ಕೂರಬೇಕಾಗುತ್ತೆ.

ಇಷ್ಟಾದ ಮೇಲೆ ನಿಮ್ಮ ಪ್ರಶ್ನೆಗೆ ಬರೋಣ. ಶೀಟ್‌ನಲ್ಲಿರುವ ಎಲ್ಲ ಫೀಲ್ಡ್‌ಗಳನ್ನೂ ನೀವು ಬರೆದ ದಿಕ್ಕಿನಲ್ಲೇ ರೆಡಿ ಕನೆಕ್ಟರ್ ಒಯ್ಯುತ್ತೆ ಅಂದರೆ ಅದೇ ಸಾಕು. ಒಂದೆರಡು ಫೀಲ್ಡ್ ಬಿಟ್ಟುಹೋದರೆ ಝೇಪಿಯರ್ ತರಹದ್ದು ಸರಿ, ಆದರೆ ಅದರ ಖರ್ಚು ಕೆಲಸಗಳ ಎಣಿಕೆ ಮೇಲೆ ಏರುತ್ತೆ, ತಿಂಗಳಿಗೆ ಎಷ್ಟು ಆರ್ಡರ್ ಬರುತ್ತೆ ನೋಡಿಕೊಳ್ಳಿ. ನಿಮ್ಮ ನಿಯಮಗಳು ಇವೆರಡಕ್ಕೂ ಒಗ್ಗದಿದ್ದರೆ ಮಾತ್ರ ಎಪಿಐ. ಆಗ ಕೋಡ್ ಬರೆಯುವವರಿಗೆ ಎರಡು ಮಾತು ಹೇಳಿ: ಒಂದೇ ವೆಬ್‌ಹುಕ್ (ಏನಾದರೂ ಆದ ತಕ್ಷಣ ಒಂದು ಸಾಫ್ಟ್‌ವೇರ್ ಇನ್ನೊಂದಕ್ಕೆ ಕಳಿಸುವ ಸಂದೇಶ) ಎರಡು ಸಲ ಬಂದರೂ ದಾಖಲೆ ಎರಡಾಗಬಾರದು, ಎಪಿಐ ಮಿತಿ ಮುಟ್ಟಿ 429 (ಕೋರಿಕೆಗಳು ಜಾಸ್ತಿಯಾದವು ಅನ್ನೋ ಎರರ್ ನಂಬರ್) ಬಂದರೆ ಸ್ವಲ್ಪ ಕಾದು ಮತ್ತೆ ಪ್ರಯತ್ನಿಸಬೇಕು. ಮತ್ತೆ, ಸಿಂಕ್ ನಿಂತರೆ ಯಾರಿಗೆ ಸೂಚನೆ ಹೋಗಬೇಕು ಅಂತ ಒಬ್ಬರ ಹೆಸರು ಬರೆದಿಡಿ.

ಹಳೆಯ ಗ್ರಾಹಕರ ಪಟ್ಟಿ ಮೊದಲ ಸಲ ಒಳಗೆ ಬರುವ ದಿನ ಆಟೊಮೇಷನ್‌ಗಳನ್ನೆಲ್ಲ (ತಾನಾಗೇ ಹೋಗುವ ಮೇಲ್‌ಗಳು) ಆಫ್ ಮಾಡಿಡಿ, ಇಲ್ಲದಿದ್ದರೆ ವರ್ಷಗಳಿಂದ ನಿಮ್ಮ ಜೊತೆಗಿರುವವರಿಗೆಲ್ಲ ‘ಸ್ವಾಗತ’ದ ಮೇಲ್ ಹೋಗುತ್ತೆ. ನಿಮ್ಮದೇ ನಾಲ್ಕಾರು ವಿಳಾಸಗಳಲ್ಲಿ ಸೇರೋದು, ಕೊಳ್ಳೋದು, ವಿಳಾಸ ಬದಲಿಸೋದು, ಹೊರಗೆ ಹೋಗೋದು, ಎಲ್ಲ ಮಾಡಿ ನೋಡಿ. ಹೊರಗೆ ಹೋದವರು ಮರುದಿನದ ಸಿಂಕ್ ಆದಮೇಲೂ ಹೊರಗೇ ಇದ್ದರೆ ಆಟೊಮೇಷನ್ ಆನ್ ಮಾಡಬಹುದು.