ಮಲೆನಾಡಿನ ಗಾಳಿಯಲ್ಲಿ ಗರಿಗರಿ ನಂಕಟಾಯಿ

ತೀರ್ಥಹಳ್ಳಿಯ ಅಜ್ಜಿ ಮನೆಯಲ್ಲಿ ಕ್ರಿಸ್‌ಮಸ್ ತಯಾರಿ ಶುರುವಾಗುತ್ತಿದ್ದದ್ದು ಡಬ್ಬಗಳಿಂದ. ಡಿಸೆಂಬರ್ ಮೊದಲ ವಾರ ತಗಡಿನ ಡಬ್ಬಗಳು ಅಟ್ಟದಿಂದ ಕೆಳಗಿಳಿಯುತ್ತಿದ್ದವು. ಅವನ್ನು ತೊಳೆದು, ಅಂಗಳದ ಬಿಸಿಲಿಗೆ ಬೋರಲು ಹಾಕಿ ಎರಡು ದಿನ ಒಣಗಿಸುವುದು ಮಕ್ಕಳ ಕೆಲಸ. ಮೂರನೇ ದಿನ ಅಜ್ಜಿ ಒಂದೊಂದೇ ಡಬ್ಬದೊಳಗೆ ಕೈ ಹಾಕಿ, ಮೂಲೆಗಳನ್ನು ಬೆರಳಿನಿಂದ ತಡವಿ ನೋಡುತ್ತಿದ್ದಳು. ಸ್ವಲ್ಪ ತೇವ ಸಿಕ್ಕರೂ ಡಬ್ಬ ವಾಪಸ್ ಅಂಗಳಕ್ಕೆ. ಎಲ್ಲ ಡಬ್ಬವೂ ಒಣಗುವ ತನಕ ಹಿಟ್ಟು ಕಲಸುವ ಹಾಗಿರಲಿಲ್ಲ.

ನಮ್ಮದು ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತ ಕುಟುಂಬ. ಅಜ್ಜಿಯ ಹಿರಿಯರು ಘಟ್ಟದ ಕೆಳಗಿನಿಂದ ಬಂದವರು. ಬರುವಾಗ ಕುಸ್ವಾರನ್ನೂ ಜೊತೆಗೆ ತಂದರು. ಕುಸ್ವಾರ್ ಅಂದರೆ ಒಂದು ತಿಂಡಿಯ ಹೆಸರಲ್ಲ, ಕ್ರಿಸ್‌ಮಸ್ ತಿಂಡಿಗಳ ಇಡೀ ಬಳಗ. ಬಾಚಣಿಗೆಯ ಬೆನ್ನಿಗೆ ಒತ್ತಿ ಸುರುಳಿ ಮಾಡುವ ಕಿಡಿಯೊ, ಕರ್ಜಿಕಾಯಿಯ ಹಾಗಿರುವ ನೆವ್ರಿ, ಗೋಲಿಯಂಥ ಗುಳಿಯೊ, ಚಕ್ಕುಲಿ, ರೋಸ್ ಕುಕೀಸ್, ನಂಕಟಾಯಿ. ಇವುಗಳ ಜೊತೆಗೆ ಕೇಕ್. ಕೇಕ್ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಒಣ ತಿಂಡಿ ಅನ್ನುವುದನ್ನು ಗಮನಿಸಿ. ಹಬ್ಬಕ್ಕೆ ಹತ್ತು ಹದಿನೈದು ದಿನ ಮೊದಲೇ ಮಾಡಿಟ್ಟು, ಅಕ್ಕಪಕ್ಕದ ಮನೆಗೆಲ್ಲ ತಟ್ಟೆಯಲ್ಲಿ ಕಳಿಸಬೇಕು. ದೀಪಾವಳಿಗೆ, ರಂಜಾನ್‌ಗೆ ಆ ಮನೆಗಳಿಂದ ಬಂದ ತಟ್ಟೆಗಳ ಲೆಕ್ಕ ಇರುತ್ತದಲ್ಲ. ಕಳಿಸಿದ ಚಕ್ಕುಲಿ ಮೆತ್ತಗಿದ್ದರೆ ಅಜ್ಜಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಅಜ್ಜಿಯ ಈ ಕಾಳಜಿ ನನಗೆ ಅರ್ಥವಾದದ್ದು ಒಂದು ತಪ್ಪು ಮಾಡಿದ ಮೇಲೆ. ಕೆಲವು ವರ್ಷಗಳ ಹಿಂದೆ ಶಿವಮೊಗ್ಗದಿಂದ ಓವನ್ ಹೊತ್ತುಕೊಂಡು ತೀರ್ಥಹಳ್ಳಿಗೆ ಹೋಗಿದ್ದೆ. ರಾತ್ರಿ ಹನ್ನೊಂದರ ತನಕ ಅತ್ತಿಗೆಯೂ ನಾನೂ ಕೂತು ನೂರೈವತ್ತು ನಂಕಟಾಯಿ ಸುಟ್ಟೆವು. ಹೊಂಬಣ್ಣ ಬಂದಿತ್ತು. ಬಾಯಿಗಿಟ್ಟರೆ ಕರಗುತ್ತಿತ್ತು. ತಣಿಯಲಿ ಅಂತ ಜಗಲಿಯ ಮೇಲೆ ತಟ್ಟೆಗಳಲ್ಲಿ ಹರಡಿ, ಮೇಲೊಂದು ತೆಳು ಬಟ್ಟೆ ಮುಚ್ಚಿ ಮಲಗಿದೆವು. ಬೆಳಿಗ್ಗೆ ಎದ್ದರೆ ಅಂಗಳದ ತುಂಬಾ ಮಂಜು. ನಂಕಟಾಯಿ ಒಂದನ್ನು ಒತ್ತಿದೆ. ಬೆರಳಿನ ಗುರುತು ಮೂಡಿತು.

ಒಂದೇ ರಾತ್ರಿಯಲ್ಲಿ ಏನಾಯಿತು? ಇದನ್ನು ಹೇಳಬೇಕಾದರೆ ನೀರಿನ ದಾರಿ ಹಿಡಿದೇ ಹೋಗಬೇಕು.

ನಂಕಟಾಯಿಗೆ ನಾವು ನೀರು ಹಾಕುವುದೇ ಇಲ್ಲ. ಆದರೂ ಅದರಲ್ಲಿ ನೀರಿದೆ. ಕೈಗೆ ಒಣಗಿದ ಹಾಗೆ ಕಾಣುವ ಮೈದಾದ ತೂಕದಲ್ಲಿ ಶೇ. 12ರಿಂದ 14ರಷ್ಟು ನೀರೇ. ಬೆಣ್ಣೆಯಲ್ಲಿ ಶೇ. 16ರ ಹತ್ತಿರ. ತುಪ್ಪದಲ್ಲಿ ಮಾತ್ರ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಕಾಯಿಸುವಾಗ ಚಟಪಟ ಸದ್ದು ಮಾಡಿ ಹೋಗಿರುತ್ತದೆ. ಬೆಣ್ಣೆಯ ನಂಕಟಾಯಿಗಿಂತ ತುಪ್ಪದ್ದು ಜಾಸ್ತಿ ಪುಡಿಪುಡಿ ಆಗುವುದಕ್ಕೆ ಇದೂ ಒಂದು ಕಾರಣ. ಮೈದಾದಲ್ಲಿ ಗ್ಲಿಯಾಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳಿವೆ. ನೀರು ಸಿಕ್ಕಿ, ನಾದುವ ಕೈ ಸಿಕ್ಕರೆ ಅವೆರಡೂ ಸೇರಿ ಗ್ಲೂಟನ್ ಎಂಬ ಬಲೆ ಕಟ್ಟುತ್ತವೆ. ಪರೋಟಾ ಎಳೆದಷ್ಟೂ ಹಿಗ್ಗುವುದು ಈ ಬಲೆಯಿಂದ. ನಂಕಟಾಯಿಗೆ ಇದು ಬೇಡ. ತುಪ್ಪ ಹಿಟ್ಟಿನ ಕಣಗಳಿಗೆ ಮೆತ್ತಿಕೊಂಡು ನೀರನ್ನು ಹತ್ತಿರ ಬಿಡುವುದಿಲ್ಲ, ಬಲೆ ಕಟ್ಟುವುದಿಲ್ಲ. ಹಿಟ್ಟು ಹಾಕಿದ ಮೇಲೆ ಜಾಸ್ತಿ ನಾದಬೇಡ ಅಂತ ಅಜ್ಜಿ ಕೈ ಹಿಡಿಯುತ್ತಿದ್ದದ್ದು ಇದಕ್ಕೇ.

ತುಪ್ಪ, ಸಕ್ಕರೆ ಪುಡಿಯನ್ನು ಮೊದಲು ಬೆಳ್ಳಗಾಗುವ ತನಕ ಉಜ್ಜುವುದಕ್ಕೂ ಅರ್ಥವಿದೆ. ಸಕ್ಕರೆಯ ಚೂಪು ಕಣಗಳು ತುಪ್ಪದೊಳಗೆ ಗಾಳಿಯನ್ನು ಸೇರಿಸುತ್ತವೆ. ಅಡುಗೆ ಸೋಡಾ ಬಿಸಿಗೆ ಒಡೆದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ನಿಜ. ಆದರೆ ಹೊಸ ಗುಳ್ಳೆ ಹುಟ್ಟಿಸುವ ಶಕ್ತಿ ಅದಕ್ಕಿಲ್ಲ. ಇರುವ ಗುಳ್ಳೆಯನ್ನು ಉಬ್ಬಿಸುತ್ತದೆ, ಅಷ್ಟೇ. ಉಜ್ಜುವಾಗ ಸೋಮಾರಿತನ ಮಾಡಿ ಸೋಡಾ ಜಾಸ್ತಿ ಹಾಕಿದರೆ ತಿಂಡಿ ಉಬ್ಬುವುದಿಲ್ಲ, ಸಾಬೂನಿನ ರುಚಿ ಬರುತ್ತದೆ.

ಇನ್ನು ಸುಡುವುದು. ಅಜ್ಜಿಯ ಕಾಲದಲ್ಲಿ ಓವನ್ ಎಲ್ಲಿತ್ತು? ದಪ್ಪ ತಳದ ಪಾತ್ರೆಗೆ ಮರಳು ಹಾಕಿ, ಅದರೊಳಗೆ ತಟ್ಟೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದಳು. ಕೆಳಗೆ ಕೆಂಡ, ಮೇಲೆ ಕೆಂಡ. ಶಿವಮೊಗ್ಗ ಸಮುದ್ರಮಟ್ಟಕ್ಕಿಂತ ಸುಮಾರು 570 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, ಸುಮಾರು 98ಕ್ಕೆ. ಕೆಮ್ಮಣ್ಣುಗುಂಡಿಯ ಎತ್ತರಕ್ಕೆ ಹೋದರೆ 95ರ ಆಸುಪಾಸಿಗೆ. ಸುತ್ತ ಎಷ್ಟೇ ಬಿಸಿ ಇರಲಿ, ತಿಂಡಿಯ ಮೈಯಲ್ಲಿ ಹಸಿ ನೀರು ಇರುವ ತನಕ ಅದರ ಬಿಸಿ ಈ ಗೆರೆಯ ಹತ್ತಿರವೇ ನಿಂತುಬಿಡುತ್ತದೆ. ಬಂದ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಮೈ ಒಣಗಿದ ಮೇಲೆಯೇ ಬಿಸಿ ಮೇಲೇರುತ್ತದೆ. 140 ಡಿಗ್ರಿಯ ಸುತ್ತಮುತ್ತ ಪ್ರೋಟೀನಿನ ಅಂಶಗಳೂ ಸಕ್ಕರೆಯ ಅಂಶಗಳೂ ಜೋರಾಗಿ ಕೂಡಿಕೊಳ್ಳಲು ಶುರುಮಾಡುತ್ತವೆ. ಇದನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್. ಕಾಫಿ ಬೀಜ ಹುರಿಯುವಾಗ ಇಡೀ ಓಣಿಗೆ ಹರಡುವ ಪರಿಮಳವೂ ಇದೇ ಕ್ರಿಯೆಯ ಕೊಡುಗೆ. ಹಾಗಾಗಿ ಹೊಂಬಣ್ಣ ಬರೀ ಚಂದಕ್ಕಲ್ಲ. ಅಲ್ಲಿನ ನೀರು ಹೋಗಿದೆ ಎನ್ನುವ ಸುದ್ದಿ ಅದು. ಥರ್ಮಾಮೀಟರ್ ಇಲ್ಲದ ಅಜ್ಜಿಗೆ ಅಷ್ಟು ಸಾಕಿತ್ತು.

ಸರಿ, ನಮ್ಮ ನಂಕಟಾಯಿಗೆ ಆ ಬಣ್ಣ ಬಂದಿತ್ತಲ್ಲ. ನೀರು ಹೋಗಿತ್ತಲ್ಲ. ಮತ್ತೆ ಎಲ್ಲಿಂದ ಬಂತು?

ಗಾಳಿಯಿಂದ. ಗಾಳಿಗೂ ಒಂದು ಹೊಟ್ಟೆ ಇದೆ ಅಂದುಕೊಳ್ಳಿ. ಬಿಸಿಯಾದಾಗ ಹಿಗ್ಗುವ, ತಣ್ಣಗಾದಾಗ ಕುಗ್ಗುವ ಹೊಟ್ಟೆ. 15 ಡಿಗ್ರಿಯ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 13 ಗ್ರಾಂ ನೀರಾವಿ ಹಿಡಿಸುತ್ತದೆ. 27 ಡಿಗ್ರಿಯಲ್ಲಿ 26 ಗ್ರಾಂ, ಅಂದರೆ ಎರಡರಷ್ಟು. ಡಿಸೆಂಬರ್‌ನ ಬೆಳಗಿನ ಜಾವ ತೀರ್ಥಹಳ್ಳಿಯಲ್ಲಿ ಮಂಜು ಕಟ್ಟಿದೆ ಎಂದರೆ ಗಾಳಿಯ ಹೊಟ್ಟೆ ಕಂಠದ ತನಕ ತುಂಬಿದೆ ಎಂದರ್ಥ. ಅದೇ ಗಾಳಿ, ಅಷ್ಟೇ ನೀರು, ಮಧ್ಯಾಹ್ನದ ಬಿಸಿಲಿಗೆ 27 ಡಿಗ್ರಿ ಮುಟ್ಟಿದರೆ ಹೊಟ್ಟೆ ಅರ್ಧ ಖಾಲಿ. ತುಂಬಿದ ಗಾಳಿ ಸಿಕ್ಕಿದವರಿಗೆ ನೀರು ಕೊಡುತ್ತದೆ, ಖಾಲಿ ಗಾಳಿ ನೀರು ಕೇಳುತ್ತದೆ. ಸಕ್ಕರೆಯೂ ಪಿಷ್ಟವೂ ನೀರೆಂದರೆ ಆಸೆಪಡುವ ಪದಾರ್ಥಗಳು. ಜಗಲಿಯಲ್ಲಿ ರಾತ್ರಿಯಿಡೀ ತೆರೆದಿಟ್ಟ ನೂರೈವತ್ತು ನಂಕಟಾಯಿಗಳು ಸುಮ್ನೆ ಕೂತು ಮಂಜು ಕುಡಿದಿದ್ದವು.

ಒಲೆಯ ಮೇಲಿನ ಅಟ್ಟದ ಗುಟ್ಟೂ ಇಲ್ಲೇ ಇದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ. ಅಂಥ ಊರುಗಳಲ್ಲಿ ಆಷಾಢದಲ್ಲಿ ಉಪ್ಪು ನೀರೊಡೆಯುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ. ಆದರೆ ಅಟ್ಟದ ಮೇಲಿನ ಹಪ್ಪಳ, ಬೀಜ, ಕೊಬ್ಬರಿ ಕೆಡುವುದಿಲ್ಲ. ಹೊಗೆಯ ಪಾಲೂ ಉಂಟು. ಜೊತೆಗೆ ಒಲೆಯ ಶಾಖಕ್ಕೆ ಅಲ್ಲಿನ ಗಾಳಿ ಕಾದಿರುತ್ತದೆ. ಗಾಳಿಯಲ್ಲಿನ ನೀರು ಕಡಿಮೆಯಾಗಿಲ್ಲ, ಅದರ ಹೊಟ್ಟೆ ದೊಡ್ಡದಾಗಿದೆ. ಮಲೆನಾಡಿನವರು ಮನೆ ಕಟ್ಟುವಾಗಲೇ ಈ ಲೆಕ್ಕ ಹಾಕಿದ್ದರು ಎನ್ನುವುದು ನೆನಪಾದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ನೀರು ಸೇರಿದಾಗ ನಂಕಟಾಯಿಯೊಳಗೆ ಆಗುವುದು ಇನ್ನೂ ಸೋಜಿಗದ್ದು. ಚೆನ್ನಾಗಿ ಬೆಂದ ಬಿಸ್ಕತ್ತಿನಲ್ಲಿ ಸಕ್ಕರೆ, ಪಿಷ್ಟ ಎಲ್ಲ ಸೇರಿ ಗಾಜಿನಂಥ ಸ್ಥಿತಿಗೆ ಬಂದಿರುತ್ತವೆ. ಇದು ಬರೀ ಹೋಲಿಕೆಯಲ್ಲ, ವಿಜ್ಞಾನಿಗಳೂ ಅದನ್ನು ಗಾಜಿನ ಸ್ಥಿತಿ ಎಂದೇ ಕರೆಯುತ್ತಾರೆ. ಅಣುಗಳು ಅಸ್ತವ್ಯಸ್ತವಾಗಿ ನಿಂತಲ್ಲೇ ಬಿಗಿದುಕೊಂಡಿರುತ್ತವೆ. ಬಾಗಿಸಲು ಹೋದರೆ ಬಳೆಯ ಹಾಗೆ ಟಕ್ ಅಂತ ಮುರಿಯುತ್ತದೆ. ಆ ಮುರಿತವೇ ಗರಿಗರಿ. ನಾಲ್ಕು ಹನಿ ನೀರು ಅಣುಗಳ ನಡುವೆ ನುಸುಳಿದರೆ ಬಿಗಿತ ಸಡಿಲವಾಗಿ, ಅವು ಒಂದರ ಪಕ್ಕ ಒಂದು ಜಾರುತ್ತವೆ. ಗಾಜು ಈಗ ರಬ್ಬರಿನಂತಾಗುತ್ತದೆ. ಮಳೆಗಾಲದಲ್ಲಿ ಚಿಕ್ಕಿ ಹಲ್ಲಿಗೆ ಅಂಟುವುದೂ ಇದೇ ಕಾರಣಕ್ಕೆ.

ಗರಿಗರಿಯನ್ನು ನಾಲಗೆಗಿಂತ ಮೊದಲು ಕಿವಿ ಹಿಡಿಯುತ್ತದೆ. ಆಕ್ಸ್‌ಫರ್ಡ್‌ನಲ್ಲಿ ಜಾಂಪಿನಿ, ಸ್ಪೆನ್ಸ್ ಎಂಬ ಇಬ್ಬರು ಸಂಶೋಧಕರು ಜನರಿಗೆ ಆಲೂಗಡ್ಡೆ ಚಿಪ್ಸ್ ಕಚ್ಚಲು ಕೊಟ್ಟು, ಆ ಸದ್ದನ್ನೇ ಹೆಡ್‌ಫೋನಿನಲ್ಲಿ ಕೇಳಿಸಿದರು. ಸದ್ದು ಜೋರು ಮಾಡಿದಾಗ ಅದೇ ಚಿಪ್ಸ್ ಜಾಸ್ತಿ ಗರಿಗರಿ, ತಾಜಾ ಅನ್ನಿಸಿತು. 2004ರಲ್ಲಿ ಪ್ರಕಟವಾದ ಅಧ್ಯಯನ ಅದು. ನಮ್ಮಜ್ಜಿ ಪ್ರತಿ ಡಬ್ಬದಿಂದ ಒಂದು ಚಕ್ಕುಲಿ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದಳು. ಬಾಯಿಗೆ ಹಾಕುತ್ತಿರಲಿಲ್ಲ, ನಮಗೆ ಕೊಡುತ್ತಿದ್ದಳು.

ರೋಸ್ ಕುಕೀಸ್ ಬಗ್ಗೆ ಒಂದು ಮಾತು ಹೇಳಲೇಬೇಕು, ಇದು ಮನೆಯವರೆಲ್ಲ ಸೇರಿ ಮಾಡುವ ತಿಂಡಿ. ಕುಕಿ ಎಂಬ ಪದ ಇಂಗ್ಲಿಷಿಗೆ ಬಂದದ್ದು ಡಚ್ಚರ ‘ಕೂಕ್ಯೆ’ಯಿಂದ, ಅಂದರೆ ಪುಟ್ಟ ಕೇಕ್. ಅಕ್ಕಿಹಿಟ್ಟು, ಸ್ವಲ್ಪ ಮೈದಾ, ತೆಂಗಿನಹಾಲು, ಮೊಟ್ಟೆ, ಸಕ್ಕರೆ, ಎಳ್ಳು. ಅಕ್ಕಿಯಲ್ಲಿ ಗ್ಲೂಟನ್ ಇಲ್ಲ, ಹಾಗಾಗಿ ನಾರಾಗುವ ಭಯ ಕಡಿಮೆ. ಹೂವಿನ ಅಚ್ಚನ್ನು ಮೊದಲು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಬೇಕು. ಕಾದ ಅಚ್ಚು ಹಿಟ್ಟಿಗೆ ತಾಗಿದ ಕೂಡಲೇ ಪಿಷ್ಟವೂ ಮೊಟ್ಟೆಯೂ ಗಟ್ಟಿಯಾಗಿ ತೆಳ್ಳನೆ ಪದರ ಕೂರುತ್ತದೆ. ತಣ್ಣಗಿದ್ದರೆ ಹಿಟ್ಟು ಜಾರಿ ಹೋಗುತ್ತದೆ. ಅಚ್ಚು ಮುಕ್ಕಾಲು ಭಾಗ ಮಾತ್ರ ಮುಳುಗಬೇಕು. ಮೇಲಿನ ಅಂಚನ್ನೂ ಹಿಟ್ಟು ಮುಚ್ಚಿದರೆ ಹೂವು ಬಿಡುವುದೇ ಇಲ್ಲ. ಎಣ್ಣೆಗೆ ಇಳಿಸಿದಾಗ ಬುಸುಬುಸು ಏಳುವ ಗುಳ್ಳೆಗಳು ಎಣ್ಣೆಯವಲ್ಲ, ಹಿಟ್ಟಿನ ನೀರು ಆವಿಯಾಗಿ ಹೋಗುವ ಗುಳ್ಳೆಗಳು. ಗುಳ್ಳೆ ಅಡಗಿತು ಎಂದರೆ ನೀರು ಮುಗಿಯಿತು, ಎತ್ತಬಹುದು. ಗಾಂಧಿ ಬಜಾರಿನಲ್ಲಿ ಕೊಂಡ ಹೊಸ ಅಚ್ಚು ಮೊದಲ ಹತ್ತು ಹೂವು ಹಾಳುಮಾಡಿದರೆ ಬೇಜಾರಾಗಬೇಡಿ. ಎಣ್ಣೆ ಕುಡಿದು ಪಳಗಿದ ಮೇಲೆ ಸರಿಯಾಗುತ್ತದೆ.

ಕೇಕನ್ನೂ ಬಿಸ್ಕತ್ತನ್ನೂ ಒಂದೇ ಡಬ್ಬದಲ್ಲಿ ಇಡಬೇಡಿ. ನೀರು ಹರಿಯುವುದು ಅದು ಹೆಚ್ಚು ಸ್ವತಂತ್ರವಾಗಿ ಇರುವ ಕಡೆಯಿಂದ ಕಡಿಮೆ ಸ್ವತಂತ್ರವಾಗಿ ಇರುವ ಕಡೆಗೆ. ಜೇನುತುಪ್ಪದಲ್ಲಿ ಶೇ. 17ರ ಸುಮಾರಿಗೆ ನೀರಿದ್ದರೂ ಬೂಷ್ಟು ಹಿಡಿಯುವುದಿಲ್ಲ, ಯಾಕೆಂದರೆ ಅಲ್ಲಿನ ನೀರನ್ನೆಲ್ಲ ಸಕ್ಕರೆ ಬಿಗಿಯಾಗಿ ಹಿಡಿದಿಟ್ಟಿದೆ. ಕೇಕಿನ ನೀರಿಗೆ ಅಷ್ಟು ಕಟ್ಟಿಲ್ಲ. ಒಂದು ವಾರ ಜೊತೆಗಿಟ್ಟರೆ ಕೇಕ್ ಒಣಗುತ್ತದೆ, ನಂಕಟಾಯಿ ಮೆತ್ತಗಾಗುತ್ತದೆ. ಎರಡೂ ಹಾಳು. ಬಿಸಿ ಇರುವಾಗಲೇ ಡಬ್ಬಕ್ಕೆ ಹಾಕಿ ಮುಚ್ಚುವುದೂ ಅಷ್ಟೇ ತಪ್ಪು. ಒಳಗಿನ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ವಾಪಸ್ ಬೀಳುತ್ತದೆ.

ಆ ಬೆಳಿಗ್ಗೆ ಅತ್ತಿಗೆ ಅಳುವುದೊಂದು ಬಾಕಿ. ಅಮ್ಮ ಮಾತ್ರ ಗಾಬರಿಯಾಗಲಿಲ್ಲ. “ಬಿಸಿಲು ಬರಲಿ, ಇನ್ನೊಂದು ಸಲ ಒಲೆ ತೋರಿಸಿದರಾಯ್ತು” ಅಂದಳು. ಸೇರಿದ ನೀರನ್ನು ಮತ್ತೆ ಓಡಿಸಬಹುದು, ರಬ್ಬರು ಪುನಃ ಗಾಜಾಗುತ್ತದೆ. ಮಂಜು ಕರಗಿ, ಅಡಕೆ ಒಣಗಿಸುವ ಹೊತ್ತು ಬಂದ ಮೇಲೆ ಓವನ್ನನ್ನು 120 ಡಿಗ್ರಿಗೆ ಇಟ್ಟು ಒಂದೊಂದು ತಟ್ಟೆಯನ್ನೂ ಹತ್ತು ನಿಮಿಷ ಕಾಯಿಸಿದೆವು. ಬಣ್ಣ ಏರುವಷ್ಟು ಬಿಸಿಯಲ್ಲ, ನೀರು ಹೋಗುವಷ್ಟು ಮಾತ್ರ. ಒಳಕೋಣೆಯಲ್ಲಿ ಫ್ಯಾನಿಲ್ಲದೆ ತಣಿಸಿ, ಮೂರು ಗಂಟೆಯೊಳಗೆ ಡಬ್ಬ ತುಂಬಿದೆವು.

ಶಿವಮೊಗ್ಗದ ನನ್ನ ಮನೆಯಲ್ಲಿ ಸೌದೆ ಒಲೆಯೂ ಇಲ್ಲ, ಅಟ್ಟವೂ ಇಲ್ಲ. ಡಬ್ಬಗಳನ್ನು ಗೋಡೆಗೂ ಫ್ರಿಜ್‌ನ ಬೆನ್ನಿಗೂ ಹತ್ತಿರದ ಮೇಲುಶೆಲ್ಫಿನಲ್ಲಿ ಇಡುತ್ತೇನೆ. ಅಲ್ಲಿ ಸದಾ ಸ್ವಲ್ಪ ಬೆಚ್ಚಗಿರುತ್ತದೆ. 24ರ ರಾತ್ರಿ ಪೂಜೆ ಮುಗಿಸಿ ಚಳಿಯಲ್ಲಿ ಮನೆಗೆ ಬಂದ ಮಕ್ಕಳು ಮೊದಲು ಹುಡುಕುವುದು ಆ ಶೆಲ್ಫನ್ನೇ. ತೆಗೆದುಕೊಳ್ಳಲಿ. ಮುಚ್ಚಳ ಬಿಗಿಯಾಗಿ ಹಾಕಿ ಅಂತ ಒಳಗಿನಿಂದಲೇ ಕೂಗುತ್ತೇನೆ.