ಪದ ಪರಿಚಯ: ಟ್ರೇಡ್ ಅಪ್

‘ಮೊದಲ ಕರಡು ಆಯ್ಕೆಯನ್ನು ಫಿಲಡೆಲ್ಫಿಯಾ ತಂಡ ಖರೀದಿಸಿತು’ ಎಂಬಂಥ ವಾಕ್ಯಗಳನ್ನು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಕುರಿತ ಕನ್ನಡ ಬರಹಗಳಲ್ಲಿ ಮತ್ತೆ ಮತ್ತೆ ಓದಿದ ಮೇಲೆ ಸುಮ್ಮನಿರುವುದು ಸರಿಯೆನಿಸಲಿಲ್ಲ. ಅಷ್ಟು ಚಿಕ್ಕ ವಾಕ್ಯದಲ್ಲಿ ‘ಕರಡು’ ಒಂದು ತಪ್ಪು, ‘ಖರೀದಿ’ ಇನ್ನೊಂದು ತಪ್ಪು. ಇವೆರಡನ್ನು ತಿದ್ದಿಕೊಳ್ಳದೆ ‘ಟ್ರೇಡ್ ಅಪ್’ ಎಂದರೇನು ಎಂಬುದು ತಿಳಿಯುವುದಿಲ್ಲ. ಅದರಿಂದ ತಂಡಕ್ಕೆ ಲಾಭವಾಯಿತೇ ಎಂದು ಅಳೆಯುವುದಂತೂ ಸಾಧ್ಯವೇ ಇಲ್ಲ.

ಇಂಗ್ಲಿಷಿನ ‘ಡ್ರಾಫ್ಟ್’ ಪದ ‘ಡ್ರಾ’, ಅಂದರೆ ಎಳೆ, ಸೇದು ಎಂಬ ಕ್ರಿಯೆಯಿಂದ ಬಂದದ್ದು. ಬಾವಿಯಿಂದ ನೀರು ಸೇದುವುದು, ಗಾಡಿಯನ್ನು ಎಳೆಯುವುದು, ಕಾಗದದ ಮೇಲೆ ಗೆರೆ ಎಳೆಯುವುದು, ಊರಿನಿಂದ ಜನರನ್ನು ಸೈನ್ಯಕ್ಕೆ ಎಳೆದುಕೊಳ್ಳುವುದು, ಇವೆಲ್ಲಕ್ಕೂ ಅದೇ ಬೇರು. ಗೆರೆ ಎಳೆಯುವ ಕವಲಿನಿಂದ ಇನ್ನೂ ತಿದ್ದಬೇಕಾದ ಬರಹ ಎಂಬ ಅರ್ಥ ಹುಟ್ಟಿತು; ನಮ್ಮ ‘ಕರಡು’ ಸಲ್ಲುವುದು ಅಲ್ಲಿ ಮಾತ್ರ. ಆಟಗಾರರ ಡ್ರಾಫ್ಟ್, ಅಂದರೆ ಲೀಗಿಗೆ ಹೊಸದಾಗಿ ಬರುವ ಆಟಗಾರರನ್ನು ತಂಡಗಳು ಒಂದಾದ ಮೇಲೊಂದರಂತೆ ಆರಿಸಿಕೊಳ್ಳುವ ಪದ್ಧತಿ, ಬಂದಿರುವುದು ಜನರನ್ನು ಸೆಳೆದುಕೊಳ್ಳುವ ಕವಲಿನಿಂದ. ಅಮೆರಿಕನ್ ಫುಟ್‌ಬಾಲಿನಲ್ಲಿ 1936ರಲ್ಲಿ ಮೊದಲಾದ ಈ ಪದ್ಧತಿ 1947ರಲ್ಲಿ ವೃತ್ತಿಪರ ಬ್ಯಾಸ್ಕೆಟ್‌ಬಾಲಿಗೂ ಬಂತು. ಅದಕ್ಕೆ ‘ಕರಡು’ ಎನ್ನುವುದು ನಿಘಂಟಿನ ಮೊದಲ ಅರ್ಥವನ್ನೇ ಕಣ್ಣುಮುಚ್ಚಿ ಎತ್ತಿಕೊಂಡದ್ದರ ಫಲ. ಡ್ರಾಫ್ಟ್ ಎಂದೇ ಬರೆಯಬಹುದು. ಅದರಲ್ಲಿನ ‘ಪಿಕ್’ ಎಂಬುದಕ್ಕೆ ‘ಸರದಿ’ ಎಂಬ ಒಳ್ಳೆಯ ಕನ್ನಡ ಪದವಿದೆ.

ಖರೀದಿಯ ಗೊಂದಲಕ್ಕೆ ಐಪಿಎಲ್ ಹರಾಜು ಕಾರಣವಿರಬೇಕು. ಹರಾಜಿನಲ್ಲಿ ಥೈಲಿಯಲ್ಲಿ ಹಣವಿರುವ ಯಾವ ತಂಡವಾದರೂ ಯಾವ ಆಟಗಾರನ ಬೆಲೆಯನ್ನಾದರೂ ಏರಿಸಬಹುದು. ಡ್ರಾಫ್ಟಿನಲ್ಲಿ ಕೂಗುವುದಕ್ಕೆ ಬೆಲೆಯೇ ಇಲ್ಲ. ಸೋತ ತಂಡಗಳಿಗೆ ಹೆಚ್ಚು ಅವಕಾಶ ಕೊಡುವ ಲಾಟರಿಯೂ ಹಿಂದಿನ ಋತುವಿನ ಸೋಲುಗೆಲುವುಗಳೂ ಸರದಿಯನ್ನು ಗೊತ್ತುಮಾಡುತ್ತವೆ, ಮತ್ತು ತನ್ನ ಸರದಿ ಬರುವವರೆಗೆ ತಂಡ ಕಾಯಬೇಕು. ಕಾಯಲೊಲ್ಲದ ತಂಡ ತನ್ನ ಸರದಿಯ ಜೊತೆಗೆ ಇನ್ನೇನನ್ನಾದರೂ ಸೇರಿಸಿ ಕೊಟ್ಟು ತನಗಿಂತ ಮೊದಲು ಆರಿಸುವ ತಂಡದ ಸರದಿಯನ್ನು ಪಡೆಯುವುದೇ ಟ್ರೇಡ್ ಅಪ್.

ಹಳೆಯ ಬಳೆ ಕೊಟ್ಟು, ಮೇಲೆ ಹಣ ಹಾಕಿ, ಹೆಚ್ಚು ತೂಕದ ಬಳೆ ತಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆತ್ತದ್ದು ಕೈಯಿಂದ ಹಾಕಿದ ಹಣವಷ್ಟೇ ಅಲ್ಲ, ಹಳೆಯ ಬಳೆಯೂ ಅದರಲ್ಲಿ ಸೇರಿದೆ. ದಕ್ಕಿದ್ದು ಹೊಸ ಬಳೆಯ ಪೂರ್ಣ ತೂಕವಲ್ಲ, ಎರಡರ ನಡುವಿನ ಅಂತರ. ಡ್ರಾಫ್ಟಿನ ವಿಷಯದಲ್ಲಿ ಮಾತ್ರ ಬಹುತೇಕ ಬರಹಗಾರರು ಈ ಲೆಕ್ಕವನ್ನು ಕೈಬಿಟ್ಟು, ಆಯ್ಕೆಯಾದ ಹುಡುಗ ತಾರೆಯಾದನೇ ಇಲ್ಲವೇ ಎಂದಷ್ಟೇ ನೋಡುತ್ತಾರೆ.

2017ರ ಪ್ರಸಂಗ ಈ ಕಾರಣಕ್ಕೇ ತಪ್ಪಾಗಿ ವಿವರಿಸಲ್ಪಡುತ್ತದೆ. ಫಿಲಡೆಲ್ಫಿಯಾ ತಂಡ ತನ್ನ ಮೂರನೆಯ ಸರದಿಯನ್ನೂ ಮುಂದಿನ ವರ್ಷಗಳ ಒಂದು ಮೊದಲ ಸುತ್ತಿನ ಸರದಿಯನ್ನೂ ಬಾಸ್ಟನ್‌ಗೆ ಕೊಟ್ಟು, ಮೊದಲ ಸರದಿಯಲ್ಲಿ ಮಾರ್ಕೆಲ್ ಫುಲ್ಟ್ಜ್ ಅವರನ್ನು ಆರಿಸಿತು. ಭುಜದ ತೊಂದರೆಗೆ ಸಿಕ್ಕಿದ ಫುಲ್ಟ್ಜ್ ಆ ತಂಡಕ್ಕಾಗಿ ಲೀಗ್ ಹಂತದಲ್ಲಿ ಆಡಿದ್ದು 33 ಪಂದ್ಯ ಮಾತ್ರ. ಮೂರನೆಯ ಸರದಿಯಲ್ಲಿ ಬಾಸ್ಟನ್ ಆರಿಸಿದ ಜೇಸನ್ ಟೇಟಮ್ 2024ರಲ್ಲಿ ಪ್ರಶಸ್ತಿ ಗೆದ್ದ ತಂಡದ ಮುಂಚೂಣಿಯಲ್ಲಿದ್ದರು. ‘ಫುಲ್ಟ್ಜ್ ವಿಫಲರಾದ್ದರಿಂದ ವಿನಿಮಯ ವಿಫಲವಾಯಿತು’ ಎಂದು ಎಲ್ಲರೂ ಬರೆಯುತ್ತಾರೆ. ಆದರೆ ಆ ವರ್ಷ ಹೆಚ್ಚಿನ ಪರಿಣತರು ಮೊದಲ ಸ್ಥಾನ ಕೊಟ್ಟಿದ್ದು ಫುಲ್ಟ್ಜ್ ಅವರಿಗೇ, ಮತ್ತು ಭುಜದ ತೊಂದರೆಯನ್ನು ಯಾರೂ ಮೊದಲೇ ಕಂಡಿರಲಿಲ್ಲ. ದೋಷ ಇನ್ನೊಂದು ಕಡೆ ಇದೆ. ಮೊದಲ ಸರದಿ ತಮ್ಮಲ್ಲೇ ಉಳಿದಿದ್ದರೂ ಟೇಟಮ್ ಅವರನ್ನೇ ಆರಿಸುತ್ತಿದ್ದೆವು ಎಂದು ಬಾಸ್ಟನ್ ತಂಡದ ಅಂದಿನ ಮುಖ್ಯಸ್ಥ ಡ್ಯಾನಿ ಏಂಜ್ ಆಮೇಲೆ ಹೇಳಿದರು. ಎರಡನೆಯ ಸರದಿಯ ಲೇಕರ್ಸ್ ತಂಡ ಆರಿಸಿದ್ದು ಲಾನ್ಜೊ ಬಾಲ್ ಅವರನ್ನು. ಏಂಜ್ ಅವರ ಮಾತನ್ನು ನಂಬುವುದಾದರೆ, ಲೇಕರ್ಸ್ ಆಗಲೂ ಬಾಲ್ ಅವರನ್ನೇ ಆರಿಸುತ್ತಿತ್ತು ಎಂದುಕೊಂಡರೆ, ಫಿಲಡೆಲ್ಫಿಯಾ ಮೂರನೆಯ ಸ್ಥಾನದಿಂದ ಕದಲದಿದ್ದರೂ ಫುಲ್ಟ್ಜ್ ಅದರ ಪಾಲಿಗೇ ಬರುತ್ತಿದ್ದರು! ಹಾಗಾದರೆ ಫುಲ್ಟ್ಜ್ ಮಹಾ ಆಟಗಾರರಾಗಿದ್ದರೂ ಈ ವಿನಿಮಯದಿಂದ ದಕ್ಕಿದ ಅಂತರ ಸೊನ್ನೆಯೇ. ಕೊನೆಗೆ 2019ರ 14ನೆಯ ಸರದಿಯಾಗಿ ಪರಿಣಮಿಸಿದ ಆ ಹೆಚ್ಚುವರಿ ಸರದಿ ಪೂರ್ತಿ ನಷ್ಟ. ತನಗಿಂತ ಮೊದಲು ಆರಿಸುವ ತಂಡಗಳ ಮನಸ್ಸಿನಲ್ಲಿ ಯಾರಿದ್ದಾರೆಂದು ತಿಳಿಯದೆ ಮೆಟ್ಟಿಲೇರುವ ಅಪಾಯ ಇದು.

2018ರಲ್ಲಿ ಡಲ್ಲಾಸ್ ತಂಡ ತನ್ನ ಐದನೆಯ ಸರದಿಯ ಜೊತೆಗೆ ಮುಂದಿನ ಒಂದು ಮೊದಲ ಸುತ್ತಿನ ಸರದಿಯನ್ನೂ ಅಟ್ಲಾಂಟಾಗೆ ಕೊಟ್ಟು, ಮೂರಕ್ಕೆ ಏರಿ ಲೂಕಾ ಡಾನ್ಚಿಚ್ ಅವರನ್ನು ಪಡೆಯಿತು. ಐದನೆಯವರಾಗಿ ಅಟ್ಲಾಂಟಾ ಸೇರಿದ ಟ್ರೇ ಯಂಗ್ ಕೂಡ ಆಲ್‌ಸ್ಟಾರ್, ಅಂದರೆ ಲೀಗಿನ ತಾರೆಯರ ಪಂದ್ಯಕ್ಕೆ ಆಯ್ಕೆಯಾದ ಆಟಗಾರ, ಆದರು, ಜೊತೆಗೆ ಹೋದ ಸರದಿ ಮರುವರ್ಷ ಹತ್ತನೆಯದಾಯಿತು. ಬೆಲೆ ಹಗುರವಾಗಿರಲಿಲ್ಲ, ಆದರೂ ಏರಿಕೆ ಸಾರ್ಥಕವಾಯಿತು: ಡಾನ್ಚಿಚ್ 2020ರಿಂದ 2024ರವರೆಗೆ ಪ್ರತಿವರ್ಷವೂ ಲೀಗಿನ ಅತ್ಯುತ್ತಮ ಐವರಲ್ಲಿದ್ದರು. 2025ರಲ್ಲಿ ಡಲ್ಲಾಸ್ ಅವರನ್ನು ಲೇಕರ್ಸ್‌ಗೆ ಬಿಟ್ಟುಕೊಟ್ಟದ್ದು ಬೇರೆಯೇ ನಿರ್ಧಾರ. ಅದರ ಹೊರೆಯನ್ನು 2018ರ ಲೆಕ್ಕಕ್ಕೆ ಹಾಕುವುದು ಅನ್ಯಾಯ.

ಇದಕ್ಕೆ ತದ್ವಿರುದ್ಧವಾದದ್ದು 1980ರಲ್ಲಿ ನಡೆಯಿತು. ಗೋಲ್ಡನ್ ಸ್ಟೇಟ್ ತಂಡ ಮೂರನೆಯ ಸರದಿಯ ಜೊತೆಗೆ ತನ್ನ ಆಟಗಾರ ರಾಬರ್ಟ್ ಪ್ಯಾರಿಶ್ ಅವರನ್ನೂ ಬಾಸ್ಟನ್‌ಗೆ ಕೊಟ್ಟು, ಒಂದನೆಯ ಮತ್ತು ಹದಿಮೂರನೆಯ ಸರದಿಗಳನ್ನು ಪಡೆಯಿತು. ಮೊದಲನೆಯವರಾಗಿ ಬಂದ ಜೋ ಬ್ಯಾರಿ ಕ್ಯಾರಲ್ ಕಳಪೆ ಆಟಗಾರರೇನಲ್ಲ. ಒಂದು ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 24ಕ್ಕೂ ಹೆಚ್ಚು ಅಂಕ ಗಳಿಸಿದರು, 1987ರಲ್ಲಿ ಆಲ್‌ಸ್ಟಾರ್ ಆದರು. ಅಷ್ಟರೊಳಗೆ ಬಾಸ್ಟನ್, ಪ್ಯಾರಿಶ್ ಮತ್ತು ಆ ಮೂರನೆಯ ಸರದಿಯಲ್ಲಿ ಆರಿಸಿದ ಕೆವಿನ್ ಮೆಕ್‌ಹೇಲ್ ಅವರ ಜೊತೆ 1981, 1984 ಮತ್ತು 1986ರ ಪ್ರಶಸ್ತಿಗಳನ್ನು ಗೆದ್ದಾಗಿತ್ತು.