ವಂಶದಲ್ಲೇ ಇಲ್ಲದ ಕಾಯಿಲೆ ಮಗಳಿಗೆ ಯಾರಿಂದ ಬಂತು?

ಪ್ರಶ್ನೆ: ಮಗಳಿಗೆ ರೆಟ್ ಸಿಂಡ್ರೋಮ್ ಇದೆ, ಜೀನ್‌ನಿಂದ ಬಂದದ್ದು ಎಂದು ಡಾಕ್ಟರ್ ಹೇಳಿದ್ದಾರೆ. ನಮ್ಮಿಬ್ಬರ ಮನೆಯಲ್ಲೂ ಇಂಥದ್ದು ಯಾರಿಗೂ ಇಲ್ಲ. ಹಾಗಾದರೆ ಇದು ಯಾರ ಕಡೆಯಿಂದ ಬಂತು?

ಹೆಚ್ಚಿನ ಮನೆಗಳಲ್ಲಿ ಇದು ಯಾರ ವಂಶದಿಂದಲೂ ಬಂದಿರುವುದಿಲ್ಲ. ಆದರೆ ಮಾತು ಕೇಳಬೇಕಾಗುವುದು ತಾಯಿ. ಬಸುರಿಯಲ್ಲಿ ಏನು ತಿಂದೆ, ಗ್ರಹಣ ನೋಡಿದೆಯಾ, ಸೋದರಮಾವನನ್ನೇ ಮದುವೆಯಾದದ್ದಕ್ಕೆ ಹೀಗಾಯ್ತಾ ಎಂದು ಒಬ್ಬೊಬ್ಬರೂ ಒಂದೊಂದು ಕೇಳುತ್ತಾರೆ. ರಕ್ತಸಂಬಂಧದ ಮದುವೆಯಿಂದ ಅಪಾಯ ಜಾಸ್ತಿಯಾಗುವ ಬೇರೆ ಕಾಯಿಲೆಗಳಿವೆ, ನಿಜ. ರೆಟ್ ಆ ಗುಂಪಿಗೆ ಸೇರಿದ್ದಲ್ಲ.

ಈ ಗೊಂದಲ ವಿಜ್ಞಾನಿಗಳಿಗೂ ಇತ್ತು. ರೆಟ್ ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಮಗು ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಬೇರೆ ಮಕ್ಕಳಂತೆಯೇ ಬೆಳೆದು, ಆಮೇಲೆ ಕಲಿತ ಮಾತು ಕಳೆದುಕೊಳ್ಳುತ್ತದೆ, ಕೈಯಲ್ಲಿ ಆಟಿಕೆ ಹಿಡಿಯುವುದು ನಿಲ್ಲುತ್ತದೆ, ಎರಡೂ ಕೈಗಳನ್ನು ಸದಾ ಹೊಸೆಯುತ್ತಾ ಇರುತ್ತದೆ. ಲೆಬನಾನಿನ ಅಂತರ್ಯುದ್ಧದಿಂದಾಗಿ ಬೈರೂತ್ ಬಿಟ್ಟು ಅಮೆರಿಕದಲ್ಲಿ ವೈದ್ಯಕೀಯ ಓದು ಮುಗಿಸಿದ ಹುಡಾ ಜೊಗ್ಬಿ, 1983ರಲ್ಲಿ ಹ್ಯೂಸ್ಟನ್‌ನಲ್ಲಿ ಇಂಥ ಮಕ್ಕಳನ್ನು ಮೊದಲು ನೋಡಿದರು. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಮನೆಗಳ ಮಕ್ಕಳು, ಆದರೆ ಲಕ್ಷಣ ಎಲ್ಲರಲ್ಲೂ ಒಂದೇ ತರಹ. ಇದಕ್ಕೆ ಯಾವುದೋ ಒಂದೇ ಜೀನ್ ಕಾರಣವಿರಬೇಕು ಎಂದು ಅವರಿಗೆ ಅನಿಸಿತು. ಮನೆತನದಲ್ಲಿ ಹರಿದು ಬರದ ಕಾಯಿಲೆಗೆ ಜೀನ್ ಹುಡುಕುವುದು ವ್ಯರ್ಥ ಎನ್ನುವವರೂ ಇದ್ದರು, ಯಾಕೆಂದರೆ ಆಗ ಜೀನ್ ಹುಡುಕಬೇಕಾದರೆ ಒಂದೇ ಕುಟುಂಬದ ಹಲವು ರೋಗಿಗಳು ಬೇಕಿತ್ತು. ಅಕ್ಕತಂಗಿಯರಿಬ್ಬರಿಗೂ ರೆಟ್ ಇದ್ದ ಕೆಲವೇ ಅಪರೂಪದ ಕುಟುಂಬಗಳನ್ನು ಹಿಡಿದು, ಜೀನ್‌ಗಳನ್ನು ಹೊತ್ತಿರುವ ಎಳೆಗಳಲ್ಲಿ ಒಂದಾದ ಎಕ್ಸ್ ಕ್ರೋಮೋಸೋಮಿನಲ್ಲಿ ಇಲ್ಲಿಲ್ಲ, ಇಲ್ಲಿಲ್ಲ ಎಂದು ಒಂದೊಂದೇ ಭಾಗ ಬಿಟ್ಟುಕೊಂಡು ಹೋಗಿ, ಕೊನೆಗೆ 1999ರಲ್ಲಿ ಅವರ ಲ್ಯಾಬಿನ ರೂತಿ ಅಮೀರ್ ಎಂಇಸಿಪಿ2 ಎಂಬ ಜೀನ್‌ನಲ್ಲಿ ದೋಷ ಕಂಡರು. ಹದಿನಾರು ವರ್ಷ! ನನ್ನ ಮಟ್ಟಿಗೆ ಈ ಹಟವೇ ಅವರ ದೊಡ್ಡ ಕೊಡುಗೆ.

ಈ ದೋಷ ಹೆಚ್ಚಿನ ತಂದೆತಾಯಿಯ ರಕ್ತಪರೀಕ್ಷೆಯಲ್ಲಿ ಸಿಗುವುದಿಲ್ಲ. ಅದು ಮಗುವಿನಲ್ಲೇ ಹೊಸದು. ದಪ್ಪ ಪುಸ್ತಕವನ್ನು ಕೈಯಲ್ಲಿ ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದಲ್ವಾ, ವೀರ್ಯಾಣು ಅಂಡಾಣು ತಯಾರಾಗುವಾಗ ಡಿಎನ್‌ಎಯಲ್ಲೂ ಹಾಗೇ ಆಗುತ್ತದೆ. ನಮ್ಮ ಪ್ರತಿಯೊಬ್ಬರಲ್ಲೂ ಅಪ್ಪಅಮ್ಮನಲ್ಲಿ ಇಲ್ಲದ ಸುಮಾರು 60 ಹೊಸ ಬದಲಾವಣೆಗಳಿವೆ. ಬಹಳಷ್ಟು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಎಂಇಸಿಪಿ2 ಬೇರೆ ನೂರಾರು ಜೀನ್‌ಗಳ ಕೆಲಸವನ್ನು ಹದ್ದುಬಸ್ತಿನಲ್ಲಿಡುವ ಜೀನ್, ಅಲ್ಲಿ ತಪ್ಪಾದರೆ ಮಿದುಳಿಗೆ ಪೆಟ್ಟು.

ಗಂಡಸರಲ್ಲಿ ವೀರ್ಯಾಣು ವಯಸ್ಸಾದ ಮೇಲೂ ತಯಾರಾಗುತ್ತಲೇ ಇರುತ್ತವೆ, ಹಾಗಾಗಿ ಇಂಥ ಹೊಸ ತಪ್ಪುಗಳು ಅಪ್ಪನ ಕಡೆಯಿಂದಲೇ ಜಾಸ್ತಿ. ಎಂಇಸಿಪಿ2 ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ; ಅಪ್ಪನ ಎಕ್ಸ್ ಹೋಗುವುದು ಮಗಳಿಗೆ ಮಾತ್ರ, ಮಗನಿಗೆ ಹೋಗುವುದು ವೈ. ರೆಟ್ ಹೆಣ್ಣುಮಕ್ಕಳಲ್ಲೇ ಹೆಚ್ಚು ಕಾಣುವುದಕ್ಕೆ ಇದು ಒಂದು ಮುಖ್ಯ ಕಾರಣ. ಇದನ್ನು ಓದಿ ಅಪ್ಪನ ಮೇಲೆ ತಪ್ಪು ಹೊರಿಸಬೇಡಿ ದಯವಿಟ್ಟು. ಇದು ಎಲ್ಲ ಗಂಡಸರ ದೇಹದಲ್ಲೂ ಆಗುತ್ತದೆ, ಯಾರ ಕೈಯಲ್ಲೂ ಇಲ್ಲ.

ಔಷಧಿ? 2007ರಲ್ಲಿ ಎಡಿನ್‌ಬರೋದ ಏಡ್ರಿಯನ್ ಬರ್ಡ್ ತಂಡ ಇಲಿಗಳಲ್ಲಿ ನಿಂತುಹೋದ ಈ ಜೀನನ್ನು ಮತ್ತೆ ಚಾಲೂ ಮಾಡಿದಾಗ, ದೊಡ್ಡ ಇಲಿಗಳೂ ಚೇತರಿಸಿಕೊಂಡವು. ಅಂದರೆ ಇಲ್ಲಿ ಮಿದುಳಿನ ಜೀವಕೋಶಗಳು ಸತ್ತಿರುವುದಿಲ್ಲ. ಆದರೆ ಸುಮ್ನೆ ಜೀನ್ ತುಂಬಿದರಾಯಿತು ಎನ್ನುವಂತಿಲ್ಲ, ಎಂಇಸಿಪಿ2 ಹೆಚ್ಚಾದರೂ ಬೇರೊಂದು ಗಂಭೀರ ಕಾಯಿಲೆ ಬರುತ್ತದೆ ಎಂದು ಜೊಗ್ಬಿಯವರ ಲ್ಯಾಬಿನ ಇಲಿಗಳಲ್ಲೇ ಕಂಡಿತು. 2023ರಲ್ಲಿ ಅಮೆರಿಕ ಒಪ್ಪಿದ ಟ್ರೋಫಿನೆಟೈಡ್ ಎಂಬ ಔಷಧಿ ಕೆಲವು ಲಕ್ಷಣಗಳನ್ನು ತಗ್ಗಿಸುತ್ತದೆ, ಜೀನನ್ನು ಸರಿಮಾಡುವುದಿಲ್ಲ.

ಇನ್ನೊಂದು ಮಗು ಬೇಕೆಂದಿದ್ದರೆ: ಮತ್ತೆ ಬರುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಸೊನ್ನೆ ಅಲ್ಲ, ಯಾಕೆಂದರೆ ಅಪರೂಪಕ್ಕೆ ತಾಯಿ ತನಗೆ ಲಕ್ಷಣವಿಲ್ಲದೆಯೇ ಆ ದೋಷ ಹೊತ್ತಿರಬಹುದು, ಇಲ್ಲವೇ ಒಬ್ಬರ ಕೆಲವು ಅಂಡಾಣು, ವೀರ್ಯಾಣುಗಳಲ್ಲಷ್ಟೇ ಅದು ಇರಬಹುದು. ಅದಕ್ಕೇ ಮಗಳ ಜೀನ್ ಪರೀಕ್ಷೆಯ ವರದಿ ಜೋಪಾನವಾಗಿಡಿ. ಬಸುರಿಯಾಗುವ ಮೊದಲೇ ಅದನ್ನು ಜೆನೆಟಿಕ್ಸ್ ಡಾಕ್ಟರಿಗೆ ತೋರಿಸಿ, ತಾಯಿಗೂ ಅದೇ ಬದಲಾವಣೆ ಇದೆಯೇ ಎಂದು ಪರೀಕ್ಷೆ ಮಾಡಿಸಿ.